ಆ ಕಡೆಯವರಿಗೆ ಟಿಕೆಟ್ಟೇ ಕೊಡದಿದ್ದರೆ ಗಲಾಟೆ ತಪ್ಪುತ್ತದೆಯೇ?

ಸಂಬಂಧ ಕೆಟ್ಟಿರುವ ಎರಡು ದೇಶಗಳ ಫುಟ್‌ಬಾಲ್ ತಂಡಗಳು ಎದುರಾಗುತ್ತವೆ ಅಂದ ಕೂಡಲೇ ನನಗೆ ಬರುವ ಮೊದಲ ಸಲಹೆ ಒಂದೇ. "ಆ ಕಡೆಯವರಿಗೆ ಟಿಕೆಟ್ಟೇ ಕೊಡಬೇಡಿ. ಆಗ ಜಗಳಾನೇ ಇರಲ್ಲ ಅಲ್ವಾ?" ಕ್ರೀಡಾಂಗಣಗಳಲ್ಲಿ ಜನಸಂದಣಿಯ ಸುರಕ್ಷತೆ ನೋಡಿಕೊಳ್ಳುವುದು ನನ್ನ ವೃತ್ತಿ. ಹೀಗೆ ಹೇಳುವವರಲ್ಲಿ ಪೊಲೀಸರಿರುತ್ತಾರೆ, ಸಂಘಟಕರಿರುತ್ತಾರೆ, ಮನೆಗೆ ಬಂದ ನೆಂಟರೂ ಇರುತ್ತಾರೆ. ಮಾತು ಸರಿ ಅನ್ನಿಸುತ್ತದೆ. ಹೊಡೆದಾಡಲು ಇಬ್ಬರು ಬೇಕು, ಒಬ್ಬರನ್ನು ಗೇಟಿನ ಹೊರಗೇ ನಿಲ್ಲಿಸಿದರೆ ಮುಗಿಯಿತು. ಆದರೆ ಈ ಲೆಕ್ಕ ಮೈದಾನದಲ್ಲಿ ಕೈಕೊಡುತ್ತದೆ. ಅದಕ್ಕೆ ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್‌ನ ಒಂದು ರಾತ್ರಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

2014ರ ಅಕ್ಟೋಬರ್ 14. ಯುರೋಪಿನ ದೇಶಗಳ ಟೂರ್ನಿಯಾದ ಯುರೋ 2016ರ ಅರ್ಹತಾ ಪಂದ್ಯ. ಪಾರ್ಟಿಜಾನ್ ಕ್ರೀಡಾಂಗಣದಲ್ಲಿ ಸರ್ಬಿಯಾ ಮತ್ತು ಅಲ್ಬೇನಿಯಾ ಎದುರಾಗಿದ್ದವು. ಇವರಿಬ್ಬರ ಜಗಳದ ಮೂಲ ಹಿಂದೆ ಸರ್ಬಿಯಾದ ಭಾಗವಾಗಿದ್ದ ಕೊಸೊವೊ. ಅಲ್ಲಿನ ಬಹುಪಾಲು ಜನ ಅಲ್ಬೇನಿಯನ್ನರು. 1998–99ರಲ್ಲಿ ಅಲ್ಲಿ ಯುದ್ಧ ನಡೆಯಿತು, ನೇಟೋ ಸರ್ಬಿಯಾದ ಮೇಲೆ ಬಾಂಬ್ ಹಾಕಿತು. 2008ರಲ್ಲಿ ಕೊಸೊವೊ ಸ್ವತಂತ್ರ ಎಂದು ಘೋಷಿಸಿಕೊಂಡಿತು. ಸರ್ಬಿಯಾ ಅದನ್ನು ಇವತ್ತಿಗೂ ಒಪ್ಪಿಲ್ಲ. ಇಷ್ಟೆಲ್ಲ ಇದ್ದುದರಿಂದಲೇ ಆ ಪಂದ್ಯಕ್ಕೆ ಅಲ್ಬೇನಿಯಾ ಅಭಿಮಾನಿಗಳನ್ನು ಬಿಟ್ಟಿರಲಿಲ್ಲ. ವಿಐಪಿ ಬಾಕ್ಸ್‌ನಲ್ಲಿದ್ದ ಕೆಲವು ಅತಿಥಿಗಳನ್ನು ಬಿಟ್ಟರೆ ಇಡೀ ಗ್ಯಾಲರಿ ಸರ್ಬಿಯಾದ್ದೇ. ಅಂದರೆ ನನಗೆ ಎಲ್ಲರೂ ಕೊಡುವ ಸಲಹೆಯನ್ನು ಅಲ್ಲಿ ಚಾಚೂ ತಪ್ಪದೆ ಪಾಲಿಸಲಾಗಿತ್ತು.

ಆಟ ಶುರುವಾದಾಗಿನಿಂದಲೇ ಅಲ್ಬೇನಿಯನ್ನರನ್ನು ಕೊಲ್ಲಿ ಎಂಬ ಕೂಗು ಕೇಳುತ್ತಿತ್ತು. ಮೈದಾನಕ್ಕೆ ಪಟಾಕಿ, ಬೆಂಕಿಯ ಕಡ್ಡಿಗಳು ಬೀಳುತ್ತಿದ್ದವು. 42ನೇ ನಿಮಿಷ, ಸ್ಕೋರ್ 0–0. ಗ್ಯಾಲರಿಯ ಮೇಲಿನ ಕತ್ತಲಿಂದ ಒಂದು ಡ್ರೋನ್ ಇಳಿಯಿತು. ಅದಕ್ಕೆ ಒಂದು ಬಾವುಟ ತೂಗುಬಿದ್ದಿತ್ತು. ಬಾವುಟದ ಮೇಲೆ ಕೊಸೊವೊದಂಥ ನೆರೆಯ ಜಾಗಗಳನ್ನೂ ಸೇರಿಸಿಕೊಂಡ 'ಮಹಾ ಅಲ್ಬೇನಿಯಾ'ದ ನಕ್ಷೆ, ಅಲ್ಬೇನಿಯಾದ ಸ್ವಾತಂತ್ರ್ಯದ ಕಾಲದ ಇಬ್ಬರು ನಾಯಕರ ಮುಖಗಳು, 1912ರ ನವೆಂಬರ್ 28 ಎಂಬ ದಿನಾಂಕ. ಸರ್ಬಿಯಾದ ಸ್ಟೆಫಾನ್ ಮಿತ್ರೋವಿಚ್ ಅದನ್ನು ಹಿಡಿದೆಳೆದರು. ಅಲ್ಬೇನಿಯಾದ ಆಟಗಾರರು ಅದನ್ನು ಅವರ ಕೈಯಿಂದ ಕಿತ್ತುಕೊಳ್ಳಲು ನುಗ್ಗಿದರು. ಅಷ್ಟರಲ್ಲಿ ಗ್ಯಾಲರಿಯಿಂದ ಜನ ಮೈದಾನಕ್ಕೆ ಹಾರಿದ್ದರು. ಅಲ್ಬೇನಿಯಾದ ಒಬ್ಬ ಆಟಗಾರನಿಗೆ ಪ್ಲಾಸ್ಟಿಕ್ ಕುರ್ಚಿಯಿಂದ ಏಟು ಬಿತ್ತು. ಅಲ್ಬೇನಿಯಾ ಆಟಗಾರರು ಮೈದಾನದಿಂದ ಒಳಗೆ ಹೋಗುವ ಟನಲ್ ಕಡೆ ಓಡಿದರು. ಸರ್ಬಿಯಾದ ಕೆಲವು ಆಟಗಾರರೇ ಅವರಿಗೆ ಅಡ್ಡ ನಿಂತು ಕಾಪಾಡಿದರು. ಇದನ್ನು ಮರೆಯಬಾರದು. ರೆಫರಿ ಮಾರ್ಟಿನ್ ಅಟ್ಕಿನ್ಸನ್ ಪಂದ್ಯ ನಿಲ್ಲಿಸಿದರು. ಅಲ್ಬೇನಿಯಾ ತಂಡ ವಾಪಸ್ ಬರಲಿಲ್ಲ, ಪಂದ್ಯ ಮತ್ತೆ ಶುರುವಾಗಲಿಲ್ಲ.

ಆಮೇಲಿನದು ಕಾಗದದ ಯುದ್ಧ. ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ ಮೊದಲು ಸರ್ಬಿಯಾಗೆ 3–0 ಗೆಲುವು ಕೊಟ್ಟು, ಅದೇ ಸರ್ಬಿಯಾದ 3 ಅಂಕ ಕಡಿತ ಮಾಡಿತು. ಇಬ್ಬರಿಗೂ ತಲಾ 1 ಲಕ್ಷ ಯೂರೋ ದಂಡ ಹಾಕಿತು. 2015ರ ಜುಲೈ 10ರಂದು ಲೊಸಾನ್‌ನ ಕ್ರೀಡಾ ನ್ಯಾಯಮಂಡಳಿ ಈ ತೀರ್ಪನ್ನು ತಿರುಗಿಸಿ ಅಲ್ಬೇನಿಯಾಗೆ 3–0 ಗೆಲುವು ಕೊಟ್ಟಿತು. ಸರ್ಬಿಯಾದ ಅಂಕ ಕಡಿತ ಹಾಗೇ ಉಳಿಯಿತು. ಆ ಸಲ ಅಲ್ಬೇನಿಯಾ ಮೊದಲ ಬಾರಿಗೆ ಒಂದು ದೊಡ್ಡ ಟೂರ್ನಿಗೆ ಅರ್ಹತೆ ಪಡೆಯಿತು. ಇತ್ತ ಅಲ್ಬೇನಿಯಾ ಪ್ರಧಾನಿ ಎಡಿ ರಾಮ 68 ವರ್ಷಗಳ ನಂತರ ಬೆಲ್‌ಗ್ರೇಡ್‌ಗೆ ಭೇಟಿ ಕೊಡುವ ಮೊದಲ ಅಲ್ಬೇನಿಯಾ ನಾಯಕರಾಗಬೇಕಿತ್ತು. ಅಕ್ಟೋಬರ್ 22ಕ್ಕೆ ಇದ್ದ ಆ ಭೇಟಿ ನವೆಂಬರ್ 10ಕ್ಕೆ ಹೋಯಿತು.

ನನ್ನ ವೃತ್ತಿಯವರು ಆ ತೀರ್ಪಿನಲ್ಲಿ ಮತ್ತೆ ಮತ್ತೆ ಓದುವ ಮಾತು ಬೇರೆಯೇ ಇದೆ. ಅಲ್ಬೇನಿಯಾ ಆಟಗಾರರ ಮೇಲೆ ಕೈ ಮಾಡಿದವರಲ್ಲಿ ಅಭಿಮಾನಿಗಳ ಜೊತೆ ಕನಿಷ್ಠ ಒಬ್ಬ ಸ್ಟೀವರ್ಡ್, ಅಂದರೆ ಕ್ರೀಡಾಂಗಣದ ಕಾವಲು ಸಿಬ್ಬಂದಿ, ಕೂಡ ಇದ್ದ. ಆಟಗಾರರನ್ನು ಕಾಯಬೇಕಾದವನು, ಮೈಮೇಲೆ ಜಾಕೆಟ್ ಹಾಕಿಕೊಂಡು ಡ್ಯೂಟಿಯಲ್ಲಿದ್ದವನು!

ಗ್ಯಾಲರಿ ಒಂದೇ ಕಡೆಯವರಿಂದ ತುಂಬಿದಾಗ ಆಗುವುದು ಇದೇ. ಎದುರು ತಂಡದ ಅಭಿಮಾನಿಗಳು ಒಂದು ಮೂಲೆಯಲ್ಲಿದ್ದರೆ ನಮಗೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಿರುತ್ತದೆ. ಆ ಸ್ಟ್ಯಾಂಡ್‌ನ ಎರಡೂ ಪಕ್ಕ ಖಾಲಿ ಸೀಟುಗಳು, ಬ್ಯಾರಿಕೇಡ್, ಪೊಲೀಸರು, ಬೇರೆ ಗೇಟು, ಬೇರೆ ಬಸ್ಸು. ಕ್ಯಾಮೆರಾ ಕಣ್ಣೂ ಅಲ್ಲೇ. ಅವರನ್ನು ತೆಗೆದುಬಿಟ್ಟರೆ ಈ ಗೆರೆಯೂ ಅಳಿಸಿಹೋಗುತ್ತದೆ. "ಇವತ್ತು ಎಲ್ಲ ನಮ್ಮವರೇ" ಅಂತ ಭದ್ರತೆ ಸಡಿಲವಾಗುತ್ತದೆ. ಸ್ಟೀವರ್ಡ್ ಕೂಡ ಒಳಗೊಳಗೇ ಅಭಿಮಾನಿಯಾಗುತ್ತಾನೆ. ಸಿಟ್ಟು ಮಾತ್ರ ಎಲ್ಲೂ ಹೋಗಿರುವುದಿಲ್ಲ. ಅದಕ್ಕೆ ಕಾಣುವ ಎದುರಾಳಿಗಳೆಂದರೆ ಮೈದಾನದಲ್ಲಿರುವ ಹನ್ನೊಂದು ಜನ, ಬೆಂಚಿನಲ್ಲಿರುವ ಇನ್ನಷ್ಟು ಜನ. ಆ ರಾತ್ರಿ ಅಲ್ಬೇನಿಯಾ ದೇಶದ ಮೇಲಿದ್ದ ಸಿಟ್ಟಿನ ಪೂರ್ತಿ ಭಾರ ಆ ತಂಡದ ಮೇಲೇ ಬಿತ್ತು.

ಇನ್ನೂ ಒಂದು ಸಂಗತಿ ಇದೆ. 2010ರ ಅಕ್ಟೋಬರ್ 12ರಂದು ಜಿನೋವಾದಲ್ಲಿ ಇಟಲಿ–ಸರ್ಬಿಯಾ ಪಂದ್ಯ ಆರೇ ನಿಮಿಷಕ್ಕೆ ನಿಂತಿತ್ತು. ಸರ್ಬಿಯಾ ಅಭಿಮಾನಿಗಳು ಅಲ್ಬೇನಿಯಾದ ಬಾವುಟ ಸುಟ್ಟು, ಮೈದಾನಕ್ಕೆ ಬೆಂಕಿ ಎಸೆದಿದ್ದರು. ಮುಖವಾಡ ಹಾಕಿಕೊಂಡು ಬೇಲಿಯ ಮೇಲೆ ಕೂತು ಬಲೆ ಕತ್ತರಿಸಿದ ಒಬ್ಬನ ಚಿತ್ರ ಲೋಕವೆಲ್ಲ ನೋಡಿತು. ಇಟಲಿಯಲ್ಲಿ ಅವನಿಗೆ ಶಿಕ್ಷೆಯೂ ಆಯಿತು. ನಾಲ್ಕು ವರ್ಷದ ನಂತರ ಬೆಲ್‌ಗ್ರೇಡ್‌ನ ಮೈದಾನಕ್ಕೆ ನುಗ್ಗಿದವರಲ್ಲಿ ಅವನೂ ಇದ್ದ. ಊರಿಗೇ ಗೊತ್ತಿರುವ ಮುಖ ಒಳಗೆ ಬಂದಿತ್ತು. ಅಲ್ಬೇನಿಯಾ ಅಭಿಮಾನಿಗಳನ್ನೆಲ್ಲ ಹೊರಗಿಟ್ಟ ವ್ಯವಸ್ಥೆಗೆ ಈ ಒಬ್ಬನನ್ನು ಗೇಟಿನಲ್ಲಿ ತಡೆಯಲು ಆಗಲಿಲ್ಲ.

"ಅದು ಬಿಡಿ, ಸರ್ಬಿಯಾ–ಅಲ್ಬೇನಿಯಾ ಪಂದ್ಯವೇ ಅಂಥದ್ದು" ಅನ್ನಬಹುದು. ಹಾಗಾದರೆ ಸರ್ಬಿಯಾ ಆಡದೇ ಇದ್ದ ಪಂದ್ಯಗಳನ್ನು ನೋಡಿ. 2024ರ ಜೂನ್ 19ರಂದು ಯುರೋ ಟೂರ್ನಿಯಲ್ಲಿ, ಹ್ಯಾಂಬರ್ಗ್‌ನಲ್ಲಿ ಕ್ರೊಯೇಷಿಯಾ ಮತ್ತು ಅಲ್ಬೇನಿಯಾ ಆಡಿದವು. ಪಂದ್ಯ 2–2 ಆಯಿತು. ಗ್ಯಾಲರಿಯಲ್ಲಿ ಎರಡೂ ಕಡೆಯವರು ಸೇರಿ ಸರ್ಬ್‌ರನ್ನು ಕೊಲ್ಲಿ ಎಂದು ಕೂಗಿದರು. ಸರ್ಬಿಯಾ ಆ ಪಂದ್ಯದಲ್ಲಿ ಆಡುತ್ತಲೇ ಇರಲಿಲ್ಲ. ಕ್ರಮ ತಗೊಳ್ಳದಿದ್ದರೆ ಟೂರ್ನಿಯನ್ನೇ ಬಿಟ್ಟು ಹೋಗುತ್ತೇವೆ ಎಂದು ಸರ್ಬಿಯಾ ಫುಟ್‌ಬಾಲ್ ಸಂಸ್ಥೆಯವರು ಹೇಳಿದರು. ಪಂದ್ಯ ಮುಗಿದ ಮೇಲೆ ಅಲ್ಬೇನಿಯಾದ ಮಿರ್ಲಿಂಡ್ ದಾಕು ಮೆಗಾಫೋನ್ ಹಿಡಿದು ಅಭಿಮಾನಿಗಳಿಂದ ದ್ವೇಷದ ಘೋಷಣೆ ಕೂಗಿಸಿದರು. ಅವರಿಗೆ ಎರಡು ಪಂದ್ಯಗಳ ನಿಷೇಧವಾಯಿತು.

ಬುಕಾರೆಸ್ಟ್‌ನಲ್ಲಿ ಆದದ್ದು ಇನ್ನೂ ವಿಚಿತ್ರ. 2023ರ ಸೆಪ್ಟೆಂಬರ್‌ನಲ್ಲಿ ರೊಮೇನಿಯಾ–ಕೊಸೊವೊ ಪಂದ್ಯ. ರೊಮೇನಿಯಾದ ಅಭಿಮಾನಿಗಳ ಒಂದು ಗುಂಪು "ಕೊಸೊವೊ ಸರ್ಬಿಯಾದ್ದು" ಎಂಬ ಬ್ಯಾನರ್ ಬಿಚ್ಚಿತು. ಆಟ ಮುಕ್ಕಾಲು ಗಂಟೆಗೂ ಹೆಚ್ಚು ನಿಂತು ಮತ್ತೆ ಶುರುವಾಯಿತು. ಮರುವರ್ಷ ನವೆಂಬರ್ 15ರಂದು ಅದೇ ಊರಲ್ಲಿ, ಅದೇ ತಂಡಗಳು. ಪಂದ್ಯದ ಕೊನೆಯಲ್ಲಿ ಹೆಚ್ಚುವರಿ ಸಮಯ ಓಡುತ್ತಿತ್ತು, ಸ್ಕೋರ್ 0–0. ಗ್ಯಾಲರಿಯಿಂದ "ಸರ್ಬಿಯಾ, ಸರ್ಬಿಯಾ" ಎಂಬ ಕೂಗು ಕೇಳಿ ಕೊಸೊವೊ ಆಟಗಾರರು ಮೈದಾನದಿಂದ ಹೊರನಡೆದರು, ವಾಪಸ್ ಬರಲಿಲ್ಲ. ಯುಇಎಫ್‌ಎ ರೊಮೇನಿಯಾಗೆ 3–0 ಗೆಲುವು ಕೊಟ್ಟಿತು, ರೊಮೇನಿಯಾಗೂ ಶಿಕ್ಷೆ ಹಾಕಿತು.

ಈ ತೀರ್ಪು ಹಲವರಿಗೆ ಅರ್ಥವಾಗಲಿಲ್ಲ. ಬೆಲ್‌ಗ್ರೇಡ್‌ನಲ್ಲಿ ವಾಪಸ್ ಬರದ ತಂಡಕ್ಕೆ ಗೆಲುವು, ಇಲ್ಲಿ ವಾಪಸ್ ಬರದ ತಂಡಕ್ಕೆ ಸೋಲು, ಯಾಕೆ? ಅಲ್ಲಿ ಆಟಗಾರರ ಮೈಮೇಲೆ ಏಟು ಬಿದ್ದಿತ್ತು, ಅವರನ್ನು ಕಾಪಾಡಲು ಸಂಘಟಕರಿಗೆ ಆಗಿರಲಿಲ್ಲ. ಇಲ್ಲಿ ಬಂದದ್ದು ಕೂಗು. ಕೂಗಿಗೆ ನಿಯಮದಲ್ಲಿ ಬೇರೆ ದಾರಿ ಇದೆ. ಮೊದಲು ಆಟ ನಿಲ್ಲಿಸಿ ಮೈಕಿನಲ್ಲಿ ಎಚ್ಚರಿಕೆ, ಆಮೇಲೆ ಸ್ವಲ್ಪ ಹೊತ್ತು ತಂಡಗಳನ್ನು ಒಳಗೆ ಕಳಿಸುವುದು, ಕೊನೆಗೆ ಪಂದ್ಯ ರದ್ದು. ಅದನ್ನು ನಿರ್ಧರಿಸಬೇಕಾದವರು ರೆಫರಿ. ನಿಯಮ ಹಾಗಿದೆ, ಒಪ್ಪುತ್ತೇನೆ. ಆದರೂ ಆ ಆಟಗಾರರ ಸಂಕಟ ನನಗೆ ಅರ್ಥವಾಗುತ್ತದೆ. ಅವರಲ್ಲಿ ಎಷ್ಟೋ ಜನ ಯುದ್ಧದ ಕಾಲದ ಮಕ್ಕಳು. ಒಂದು ವರ್ಷದ ಹಿಂದೆ ಅದೇ ಊರಲ್ಲಿ ಇದನ್ನೇ ಕೇಳಿಸಿಕೊಂಡಿದ್ದ ತಂಡ ಅದು.

ಬುಕಾರೆಸ್ಟ್‌ನಲ್ಲಿ ಯಾರನ್ನು ಹೊರಗಿಡಬೇಕಿತ್ತು ಹೇಳಿ? ಕೊಸೊವೊದವರನ್ನೋ, ಆಟದಲ್ಲೇ ಇಲ್ಲದ ಸರ್ಬಿಯಾದವರನ್ನೋ? ಕೂಗಿದ್ದು ಮನೆಯವರೇ. ರೊಮೇನಿಯಾ ಸರ್ಕಾರವೂ ಕೊಸೊವೊವನ್ನು ದೇಶವೆಂದು ಒಪ್ಪಿಲ್ಲ. ಸರ್ಕಾರದ ಮಾತು ಗ್ಯಾಲರಿಗೆ ಬರುವಾಗ ಹೀಗೆ ಒರಟಾಗುತ್ತದೆ.

ಬ್ಯಾನರ್ ವಿಷಯ ಬಂತಲ್ಲ, ಒಂದು ಕೆಲಸದ ಮಾತು. ನಮ್ಮಲ್ಲಿ ಗೇಟಿನಲ್ಲಿ ನೀರಿನ ಬಾಟಲಿ, ಲೈಟರ್, ಚಿಲ್ಲರೆ ಕಾಸು ಹುಡುಕುತ್ತಾರೆ. ಸುತ್ತಿಟ್ಟ ಬಟ್ಟೆಯನ್ನು ಮುಟ್ಟಿ ನೋಡಿ "ಹೋಗಿ ಹೋಗಿ" ಅಂತಾರೆ. ಅದನ್ನು ನೆಲಕ್ಕೆ ಹಾಸಿ ಎರಡೂ ಬದಿ ಓದಬೇಕು. ಹಿಂಬದಿಯಲ್ಲಿ ಬೇರೆ ಬರಹ ಇರಬಹುದು. ಎರಡು ತುಂಡುಗಳನ್ನು ಎರಡು ಗೇಟಿನಿಂದ ತಂದು ಒಳಗೆ ಜೋಡಿಸಬಹುದು. ಬೇರೆ ಭಾಷೆಯಲ್ಲಿದ್ದರೆ ಓದಲು ಬರುವವರು ಅಲ್ಲೇ ಇರಬೇಕು. ಯುರೋಪಿನಲ್ಲಿ ಫೇರ್ ಎಂಬ ಸಂಸ್ಥೆ ಪಂದ್ಯಗಳಿಗೆ ವೀಕ್ಷಕರನ್ನು ಕಳಿಸುತ್ತದೆ. ಯಾವ ದೇಶದಲ್ಲಿ ಯಾವ ಗುರುತು, ಯಾವ ಸಂಖ್ಯೆ ದ್ವೇಷದ ಸಂಕೇತ ಎಂಬ ಕೈಪಿಡಿಯನ್ನೂ ಮಾಡಿದೆ. ಅಂಥದ್ದು ಕೈಯಲ್ಲಿಲ್ಲದಿದ್ದರೆ ಗೇಟಿನ ಹುಡುಗನಿಗೆ ನಕ್ಷೆಯೂ ಒಂದು ಚಿತ್ರ, ಅಷ್ಟೇ.

ಹಾಗೆಂದು ಬಾವುಟ ತಡೆದರೆ ಎಲ್ಲ ಸರಿಹೋಗುತ್ತದೆ ಅಂತಲೂ ಇಲ್ಲ. ಅರ್ಮೇನಿಯಾ ಮತ್ತು ತುರ್ಕಿ ನಡುವೆ ರಾಜತಾಂತ್ರಿಕ ಸಂಬಂಧವೇ ಇರಲಿಲ್ಲ. 2008ರ ಸೆಪ್ಟೆಂಬರ್ 6ರಂದು ತುರ್ಕಿ ಅಧ್ಯಕ್ಷ ಅಬ್ದುಲ್ಲಾ ಗುಲ್ ವಿಶ್ವಕಪ್ ಅರ್ಹತಾ ಪಂದ್ಯ ನೋಡಲು ಯೆರವಾನ್‌ಗೆ ಹೋದರು. ಮರುವರ್ಷ ಅಕ್ಟೋಬರ್ 14ಕ್ಕೆ ಅರ್ಮೇನಿಯಾ ಅಧ್ಯಕ್ಷ ಸೆರ್ಜ್ ಸರ್ಗ್ಸ್ಯಾನ್ ತುರ್ಕಿಯ ಬುರ್ಸಾಕ್ಕೆ ಬಂದರು. ಅತಿಥಿಗೆ ಮುಜುಗರ ಆಗದಿರಲಿ ಅಂತ ಬುರ್ಸಾದಲ್ಲಿ ತುರ್ಕಿಯ ಮಿತ್ರ, ಅರ್ಮೇನಿಯಾದ ಎದುರಾಳಿ ಅಜರ್‌ಬೈಜಾನ್‌ನ ಬಾವುಟಗಳನ್ನು ಒಳಗೆ ಬಿಡಲಿಲ್ಲ. ಅಜರ್‌ಬೈಜಾನ್‌ಗೆ ಅದೇ ಅವಮಾನವಾಯಿತು. ಬಾಕುವಿನಲ್ಲಿ ತುರ್ಕಿ ಸೈನಿಕರ ಸ್ಮಾರಕದಿಂದ ತುರ್ಕಿ ಬಾವುಟ ಕೆಳಗಿಳಿಯಿತು. ಆದರೂ ಎರಡೂ ಪಂದ್ಯಗಳು ಮುಗಿದವು. ಗ್ಯಾಲರಿಯಲ್ಲಿ ಶಿಳ್ಳೆ ಬಿತ್ತು, ಮೈದಾನಕ್ಕೆ ಯಾರೂ ನುಗ್ಗಲಿಲ್ಲ. ಇಬ್ಬರು ಅಧ್ಯಕ್ಷರು ಜೊತೆಗೆ ಕೂತಿದ್ದು ಜನರಿಗೆ ಕಾಣುತ್ತಿತ್ತು. ಪಂದ್ಯದ ಹಿಂದಿನ ವಾರ ದೊಡ್ಡವರು ಏನು ಮಾತಾಡಿದರು ಎಂಬುದನ್ನು ನಾನು ಪೊಲೀಸರ ಸಂಖ್ಯೆಗಿಂತ ಮೊದಲು ನೋಡುವುದು ಇದಕ್ಕೇ.

ಕೆಲವು ದೇಶಗಳನ್ನು ಯುಇಎಫ್‌ಎ ಡ್ರಾದಲ್ಲೇ, ಅಂದರೆ ತಂಡಗಳಿಗೆ ಚೀಟಿ ಎತ್ತಿ ಗುಂಪು ಮಾಡುವಾಗಲೇ, ಬೇರೆ ಬೇರೆ ಇಡುತ್ತದೆ. 2016ರಲ್ಲಿ ಕೊಸೊವೊ ಸದಸ್ಯನಾದ ಮೇಲೆ ಸರ್ಬಿಯಾ–ಕೊಸೊವೊ ಆ ಪಟ್ಟಿಗೆ ಸೇರಿತು. ಯುದ್ಧವೇ ನಡೆಯುತ್ತಿರುವ ದೇಶಗಳ ವಿಷಯದಲ್ಲಿ ಇದು ಸರಿಯೇ. ಅಂಥ ಪಂದ್ಯದ ಭದ್ರತೆಗೆ ನಾನೂ ಸಹಿ ಹಾಕುವುದಿಲ್ಲ.

ಇನ್ನು ಟಿಕೆಟ್ ನಿಷೇಧ ಬೇಕು ಅನ್ನುವವರ ಬಳಿಯೂ ಒಂದು ಒಳ್ಳೆಯ ವಾದ ಇದೆ. 2025ರಲ್ಲಿ ಸರ್ಬಿಯಾ ಮತ್ತು ಅಲ್ಬೇನಿಯಾ ಮತ್ತೆ ಎರಡು ಸಲ ಆಡಿದವು. ಜೂನ್‌ನಲ್ಲಿ ಟಿರಾನಾದಲ್ಲಿ 0–0. ಅಕ್ಟೋಬರ್‌ನಲ್ಲಿ ದಕ್ಷಿಣ ಸರ್ಬಿಯಾದ ಲೆಸ್ಕೊವಾಟ್ಸ್‌ನಲ್ಲಿ ಅಲ್ಬೇನಿಯಾಗೆ 1–0 ಗೆಲುವು. ಎರಡೂ ಕಡೆ ಎದುರು ಅಭಿಮಾನಿಗಳಿರಲಿಲ್ಲ, ಎರಡೂ ಪಂದ್ಯ ಪೂರ್ತಿ ನಡೆದವು. ನಿಜ. ಆದರೆ 2014ರಲ್ಲೂ ಅದೇ ನಿಷೇಧ ಇತ್ತಲ್ಲ. ಅಂದ ಮೇಲೆ ವ್ಯತ್ಯಾಸ ತಂದದ್ದು ಬೇರೆ ಏನೋ ಇರಬೇಕು. ನನ್ನ ಊಹೆ, ಬೆಲ್‌ಗ್ರೇಡ್‌ನ ಪೆಟ್ಟು ತಿಂದ ಮೇಲೆ ಒಳಗಿನವರನ್ನು ಕಾಯುವುದನ್ನು ಕಲಿತರು.

ಒಳಗೆ ಬಿಟ್ಟು ಕಾಯುವುದೂ ಸಾಧ್ಯ. 2004ರ ಯುರೋದಲ್ಲಿ ಪೋರ್ಚುಗಲ್‌ನ ದೊಡ್ಡ ನಗರಗಳ ಪೊಲೀಸರು ಮಾಮೂಲಿ ಸಮವಸ್ತ್ರದಲ್ಲಿ ಇಬ್ಬಿಬ್ಬರಾಗಿ ಜನರ ನಡುವೆ ಓಡಾಡಿದರು, ಮಾತಾಡಿಸಿದರು. ಹೆಲ್ಮೆಟ್ಟು ಲಾಠಿಯ ಪಡೆ ಕಣ್ಣಿಗೆ ಬೀಳದಂತೆ ಪಕ್ಕದ ಬೀದಿಯಲ್ಲಿತ್ತು. ಗಲಾಟೆಗೆ ಹೆಸರಾಗಿದ್ದ ಇಂಗ್ಲೆಂಡ್ ಅಭಿಮಾನಿಗಳು ಅಲ್ಲಿ ತಾವೇ ಒಬ್ಬರನ್ನೊಬ್ಬರು "ಸುಮ್ನಿರಪ್ಪ" ಅಂತ ತಡೆದರು. ಮನೋವಿಜ್ಞಾನಿ ಕ್ಲಿಫರ್ಡ್ ಸ್ಟಾಟ್ ಮತ್ತು ಅವರ ಜೊತೆಗಾರರು ಇದನ್ನು ಹತ್ತಿರದಿಂದ ನೋಡಿ ಬರೆದಿದ್ದಾರೆ. ಗುಂಪಿನಲ್ಲಿ ಬಹುಪಾಲು ಜನ ಆಟ ನೋಡಲು ಬಂದವರು. ಅವರನ್ನೂ ಪುಂಡರಂತೆ ನಡೆಸಿಕೊಂಡರೆ ಅವರು ಪುಂಡರ ಪಕ್ಕ ನಿಲ್ಲುತ್ತಾರೆ. ನನ್ನ ಅನುಭವವೂ ಅದೇ.

ನಮ್ಮ ಬೆಂಗಳೂರಿನ ಕಂಠೀರವದಲ್ಲೂ ಇಂಥ ಪಂದ್ಯ ನಡೆದಿದೆ. 2023ರ ಜೂನ್ 21, ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಚಾಂಪಿಯನ್‌ಷಿಪ್‌ನ ಭಾರತ–ಪಾಕಿಸ್ತಾನ ಪಂದ್ಯ. ವೀಸಾ ತಡವಾಗಿ ಪಾಕಿಸ್ತಾನ ತಂಡ ಬಂದು ಇಳಿದದ್ದೇ ಪಂದ್ಯದ ದಿನ. ಗ್ಯಾಲರಿಯ ತುಂಬ ನಾವೇ. ಸುನಿಲ್ ಚೆಟ್ರಿ 16 ನಿಮಿಷದೊಳಗೆ ಎರಡು ಗೋಲು ಹೊಡೆದಿದ್ದರು. ಅರ್ಧ ವೇಳೆ ಹತ್ತಿರ ಬಂದಾಗ ಪಾಕಿಸ್ತಾನದ ಆಟಗಾರ ಥ್ರೋ ಎಸೆಯಲು ಹೊರಟರು. ಆಗ ನಮ್ಮ ಕೋಚ್ ಆಗಿದ್ದ ಇಗೊರ್ ಸ್ಟಿಮಾಚ್ ಆ ಆಟಗಾರರ ಕೈಯಲ್ಲಿದ್ದ ಚೆಂಡನ್ನು ತಟ್ಟಿಬಿಟ್ಟರು. ಕ್ಷಣದಲ್ಲಿ ಎರಡೂ ಬೆಂಚಿನವರು ಒಂದೇ ಕಡೆ ನುಗ್ಗಿ ನೂಕಾಟ. ರೆಫರಿ ಸ್ಟಿಮಾಚ್‌ಗೆ ಕೆಂಪು ಕಾರ್ಡ್ ತೋರಿಸಿದರು, ಆಟ ಮುಂದುವರಿಯಿತು, ಭಾರತ 4–0ಯಿಂದ ಗೆದ್ದಿತು. ಒಳ್ಳೆಯದಾಯಿತು ಅಂತ ಎಲ್ಲರೂ ಮನೆಗೆ ಹೋದೆವು. ಆದರೆ ಆ ನೂಕಾಟದ ಹೊತ್ತಿಗೆ ನಾವು 2–0 ಮುಂದಿದ್ದೆವು. 0–1 ಹಿಂದಿದ್ದು, ಆ ಕೆಂಪು ಕಾರ್ಡ್ ಬಂದಿದ್ದರೆ? ಸುರಕ್ಷತೆಯ ಯೋಜನೆ ಬರೆಯುವವರು ಲೆಕ್ಕ ಹಾಕಬೇಕಾದದ್ದು ಆ ಸಂಜೆಯನ್ನು.

ಎರಡು ದೇಶಗಳ ನಡುವಿನ ವೀಸಾ ನಮ್ಮ ಕೈಯಲ್ಲಿಲ್ಲ, ಎದುರು ಅಭಿಮಾನಿಗಳನ್ನು ಕರೆಸುವುದು ಸದ್ಯಕ್ಕಂತೂ ಆಗದ ಮಾತು. ಆದ್ದರಿಂದ ಅಂಥ ಪಂದ್ಯಕ್ಕೆ ಕರೆದಾಗ ನಾನು ಮೊದಲು ಕೇಳುವುದು ಸ್ಟೀವರ್ಡ್‌ಗಳ ಪಟ್ಟಿ. ಎದುರು ತಂಡದ ಬೆಂಚಿನ ಹಿಂದೆ ಮತ್ತು ಟನಲ್ ಬಾಯಲ್ಲಿ ಅನುಭವಸ್ಥರೇ ಇರಬೇಕು. ದಿನಗೂಲಿಗೆ ಬೆಳಿಗ್ಗೆ ಬಂದ ಹುಡುಗರನ್ನು ಅಲ್ಲಿ ನಿಲ್ಲಿಸಲು ಒಪ್ಪುವುದಿಲ್ಲ. ಎದುರು ದೇಶದ ರಾಷ್ಟ್ರಗೀತೆಗೆ ಮುಂಚೆ ಮೈಕಿನಲ್ಲಿ ಏನು ಹೇಳಬೇಕು, ಯಾರು ಹೇಳಬೇಕು ಅನ್ನುವುದು ಹಿಂದಿನ ದಿನವೇ ತೀರ್ಮಾನ ಆಗಿರಬೇಕು. ಮನೆ ತಂಡದ ನಾಯಕನ ದನಿಯಲ್ಲಿ ರೆಕಾರ್ಡ್ ಮಾಡಿಸಿದರೆ ಇನ್ನೂ ಒಳ್ಳೆಯದು. ಮತ್ತೆ ಮೈದಾನದ ಅಂಚಿನಲ್ಲಿ ನಿಲ್ಲುವವರಿಗೆ ಒಂದೇ ಸೂಚನೆ. ಮುಖ ಗ್ಯಾಲರಿ ಕಡೆ, ಬೆನ್ನು ಆಟದ ಕಡೆ. ಭಾರತ ಗೋಲು ಹೊಡೆದರೂ ತಿರುಗಿ ನೋಡುವಂತಿಲ್ಲ.