ಮೊದಲು ಲೈಟ್ ಬಂದ್ ಮಾಡ್ರಿ

ಮಾರಾಟಕ್ಕಿರುವ ಮನೆಯ ಫೋಟೊ ತೆಗೆಯಲು ಹೋದಾಗ ಬಾಗಿಲಲ್ಲೇ ಕೇಳುವ ಮಾತು, "ಬರ್ರಿ ಸರ್, ಎಲ್ಲಾ ಲೈಟ್ ಹಚ್ಚಿಟ್ಟೀನ್ರಿ." ನಾನು ಒಳಗೆ ಹೋಗಿ ಮೊದಲು ಅವನ್ನೆಲ್ಲ ಬಂದ್ ಮಾಡಿಸುತ್ತೇನೆ. ಜೊತೆಗೆ ಫ್ಯಾನನ್ನೂ. ದೇವರ ಮನೆಯ ದೀಪ ಮಾತ್ರ ಇರಲಿ ಅನ್ನುತ್ತೇನೆ. ಆ ಹಳದಿ ಅಲ್ಲಿಗೆ ಬೇಕು.

ಬೆಳಕಿಗೂ ಬಣ್ಣ ಇದೆ. ಅದನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕಿ ಕಡಿಮೆ ಇದ್ದಷ್ಟೂ ಹಳದಿ, ಜಾಸ್ತಿ ಇದ್ದಷ್ಟೂ ನೀಲಿ. ಕಿಟಕಿಯಿಂದ ಬರುವ ಹಗಲಿನ ಬೆಳಕು ಸುಮಾರು 5500 ಕೆಲ್ವಿನ್. ಹಳದಿ ಬಲ್ಬು 2700ರ ಆಸುಪಾಸು, ಬಿಳಿ ಎಲ್‌ಇಡಿ ಟ್ಯೂಬು 6500. ನಮ್ಮ ಕಣ್ಣು ಹೇಗೋ ಹೊಂದಿಸಿಕೊಂಡು ಗೋಡೆ ಬಿಳಿ ಅಂತಲೇ ನೋಡುತ್ತದೆ. ಕ್ಯಾಮೆರಾಕ್ಕೆ ಅದು ಬರುವುದಿಲ್ಲ. ಬಿಳಿಯನ್ನು ಬಿಳಿಯಾಗಿ ತೋರಿಸುವ ಸೆಟ್ಟಿಂಗು, ಅಂದರೆ ವೈಟ್ ಬ್ಯಾಲೆನ್ಸ್, ಒಂದು ಬೆಳಕಿಗೆ ಸರಿ ಮಾಡಿದರೆ ಇನ್ನೊಂದಕ್ಕೆ ತಪ್ಪುತ್ತದೆ. ಒಂದೇ ಗೋಡೆ ಕಿಟಕಿ ಹತ್ತಿರ ನೀಲಿ, ಬಲ್ಬಿನ ಕೆಳಗೆ ಅರಿಶಿನ. ಅದನ್ನು ತಿದ್ದಲು ಕೂತರೆ ರಾತ್ರಿಯೆಲ್ಲ ಸಾಲುವುದಿಲ್ಲ.

ಹಾಗಾದರೆ ಬೆಳಕು ಎಲ್ಲಿಂದ? ಕಿಟಕಿಯಿಂದ, ಮತ್ತೆ ಒಂದು ಫ್ಲ್ಯಾಶಿನಿಂದ. ಫ್ಲ್ಯಾಶಿನ ಬಣ್ಣ ಹಗಲಿನ ಬೆಳಕಿಗೆ ಹತ್ತಿರ ಇರುತ್ತದೆ. ಅದನ್ನು ಬಿಳಿ ಛತ್ತಿಗೆ ಹೊಡೆದರೆ ಕೋಣೆ ತುಂಬ ಮೆತ್ತಗೆ ಹರಡುತ್ತದೆ.

ಹುಬ್ಬಳ್ಳಿ ವಿದ್ಯಾನಗರದ ಹೊಸ ಫ್ಲ್ಯಾಟುಗಳಲ್ಲಿ ಇದು ಸುಲಭ. ಧಾರವಾಡದ ಮಾಳಮಡ್ಡಿಯ ಹಳೆ ಮನೆಯೊಂದರಲ್ಲಿ ನಡೆಯಲಿಲ್ಲ. ಮೇಲೆ ಹಂಚು, ಕರಿ ತೊಲೆ. ಪಡಸಾಲೆಯ ಗೋಡೆಗೆ ಗಿಳಿ ಹಸಿರು. ಗೋಡೆಗೆ ಫ್ಲ್ಯಾಶ್ ಹೊಡೆದೆ, ನೆಲದ ಶಹಾಬಾದ್ ಕಲ್ಲೂ ಹಸಿರಾಯಿತು. ಬಿಳಿ ಬೆಡ್‌ಶೀಟ್ ಕೇಳಿದೆ. ಅಜ್ಜಿ ಒಳಗಿಂದ ಧೋತರ ತಂದರು. "ತೊಗೋಪಾ, ನಿನ್ನೆನೇ ಒಗದದ್ದು." ಇಬ್ಬರು ಅದನ್ನು ಎತ್ತಿ ಹಿಡಿದರು, ನಾನು ಅದಕ್ಕೆ ಫ್ಲ್ಯಾಶ್ ಹೊಡೆದೆ. ಕಲ್ಲು ಕಲ್ಲಿನ ಬಣ್ಣಕ್ಕೆ ಬಂತು. ಹೊಸ್ತಿಲ ಬಳಿ ಕಾಲು ಸವೆಸಿದ ನುಣುಪು ಕೂಡ ಕಂಡಿತು. ಅದನ್ನು ನೋಡಿ ನನಗೆ ನಿಜಕ್ಕೂ ಖುಷಿಯಾಯಿತು.

ಪ್ರತಿ ಕೋಣೆಗೂ ಟ್ರೈಪಾಡ್, ಲೆನ್ಸಿನ ಕಿಂಡಿ ಎಫ್/8ಕ್ಕೆ, ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನುವ ಐಎಸ್‌ಒ ಆದಷ್ಟು ಕಡಿಮೆ. ಕ್ಯಾಮೆರಾ ಎದೆಮಟ್ಟದಲ್ಲಿ, ಬಾಗಿಲ ಚೌಕಟ್ಟು ನೆಟ್ಟಗೆ. ಆಮೇಲೆ ಅಲುಗಾಡಿಸದೆ ಮೂರು ಫೋಟೊ: ಕಿಟಕಿ ಬೆಳಕಲ್ಲಿ ಒಂದು, ಫ್ಲ್ಯಾಶಿನಲ್ಲಿ ಒಂದು, ಹೊರಗಿನ ನೋಟಕ್ಕೆ ಒಂದು.

ಫೋಟೊಶಾಪಿನಲ್ಲಿ ಫ್ಲ್ಯಾಶಿನ ಫೋಟೊ ಕೆಳಗೆ, ಕಿಟಕಿ ಬೆಳಕಿನದ್ದು ಮೇಲೆ. ಮೇಲಿನ ಲೇಯರನ್ನು ಲ್ಯುಮಿನಾಸಿಟಿ ಮೋಡಿಗೆ, ಅಂದರೆ ಬಣ್ಣ ಬಿಟ್ಟು ಬೆಳಕು-ನೆರಳಷ್ಟೇ ತಗೊಳ್ಳುವ ಮೋಡಿಗೆ, ಹಾಕಿ ಅರ್ಧದಷ್ಟು ತೆಳು ಮಾಡುತ್ತೇನೆ. ಬಣ್ಣ ಫ್ಲ್ಯಾಶಿನದು ಉಳಿಯುತ್ತದೆ, ನೆರಳು ಕಿಟಕಿಯದು ಬರುತ್ತದೆ. ನೆರಳು ಬೇಕು ರೀ. ಕತ್ತಲು-ಬೆಳಕು ಹೆಚ್ಚುಕಡಿಮೆ ಇರುವ ಐದಾರು ಫೋಟೊ ಒಂದಾಗಿ ಕಲಸುವುದಕ್ಕೆ ಎಚ್‌ಡಿಆರ್ ಅಂತಾರೆ, ಅದನ್ನು ಜಾಸ್ತಿ ಎಳೆದರೆ ಮೂಲೆಯ ನೆರಳೆಲ್ಲ ಹೋಗಿ ಗೋಡೆ ಬೂದಿ ಬಳಿದಂತೆ ಕಾಣುತ್ತದೆ.

ಮೂರನೆಯ ಫೋಟೊದಿಂದ ಕಿಟಕಿಯ ಭಾಗ ಮಾತ್ರ ತಗೊಳ್ಳುತ್ತೇನೆ. ಆಗ ಬೆಳ್ಳಗೆ ಸುಟ್ಟಿದ್ದ ಕಿಟಕಿಯಲ್ಲಿ ಹೊರಗಿನ ಬೇವಿನ ಮರ ಕಾಣುತ್ತದೆ. ಕೇಶ್ವಾಪುರದ ಒಂದು ಮನೆಯಲ್ಲಿ ಟ್ರಾನ್ಸ್‌ಫಾರ್ಮರ್ ಕಂಡಿತು. ಏಜೆಂಟರು ಅಳಿಸಿ ಅಂದರು, ಗೋಡೆಯ ಹಸಿ ಕಲೆಯನ್ನೂ. ನೆಲದ ಮೇಲಿನ ವೈರ್ ತೆಗೆದುಕೊಟ್ಟೆ. ಅವೆರಡನ್ನು ಮುಟ್ಟಲಿಲ್ಲ. ಸಾಲ ಮಾಡಿ ಮನೆ ಕೊಳ್ಳುವವರು ಆ ಫೋಟೊ ನಂಬಿ ಗದಗದಿಂದ ಬಸ್ ಹತ್ತಿ ಬರುತ್ತಾರೆ, ಅಲ್ವಾ?