ಟಾಲರ್ ಗಟ್ಟಿ, ಚಿಲ್ಲರೆ ಪೊಳ್ಳು: ಒಂದು ಜರ್ಮನ್ ಮನೆತನದ ಬೆಳ್ಳಿ

1574ರಲ್ಲಿ ಬ್ರೌನ್‌ಷ್ವೈಗ್-ವೋಲ್ಫೆನ್‌ಬ್ಯೂಟೆಲ್‌ನ ಡ್ಯೂಕ್ ಯೂಲಿಯಸ್ ಭಾರಿ ಬೆಳ್ಳಿ ನಾಣ್ಯ ಹೊಡೆಸಿದ. ಹೆಸರು ಲ್ಯೋಸರ್. ಟಾಲರ್ ಅಂದರೆ ಆ ಕಾಲದ ದೊಡ್ಡ ಬೆಳ್ಳಿ ನಾಣ್ಯ; ಲ್ಯೋಸರ್‌ಗಳಲ್ಲಿ ಒಂದೊಂದು ಹತ್ತು ಟಾಲರ್ ತೂಗುವಂಥವೂ ಇದ್ದವು. ಬೆಳ್ಳಿ ಅವನದೇ ಹಾರ್ಟ್ಸ್ ಬೆಟ್ಟದ ಗಣಿಗಳದ್ದು. ಪ್ರಜೆಗಳು ತಮ್ಮ ಆಸ್ತಿಗೆ ತಕ್ಕಂತೆ ಇದನ್ನು ಕೊಂಡು ಮನೆಯಲ್ಲಿ ಇಟ್ಟುಕೊಳ್ಳಬೇಕಿತ್ತು. ಕಷ್ಟಕಾಲ ಬಂದರೆ ಆ ಬೆಳ್ಳಿ ನಾಡಿನೊಳಗೇ ಇರಲಿ ಎಂಬ ಲೆಕ್ಕ.

ಮಗ ಹೈನ್ರಿಷ್ ಯೂಲಿಯಸ್‌ಗೆ ಟಾಲರ್ ಅಂದರೆ ಜಗಳದ ವೇದಿಕೆ. ತನ್ನ ಮಾತು ಕೇಳದ ಶ್ರೀಮಂತ ಮನೆತನಗಳ ಮೇಲಿನ ಸಿಟ್ಟನ್ನು ನಾಣ್ಯದ ಮೇಲೆ ಚಿತ್ರವಾಗಿ ಕೊರೆಸಿದ. 1599ರ ಒಂದು ಟಾಲರಿನಲ್ಲಿ ಸಿಂಹಕ್ಕೆ ಕಡಜಗಳು ಮುತ್ತಿಕೊಂಡಿವೆ. ಆದರೆ ಬೆಳ್ಳಿಯ ಪ್ರಮಾಣ ಮಾತ್ರ ಸರಿಯಾಗೇ ಇತ್ತು.

ಮೊಮ್ಮಗ ಫ್ರೀಡ್ರಿಷ್ ಉಲ್ರಿಷ್ ಕಾಲಕ್ಕೆ ಎಲ್ಲ ತಲೆಕೆಳಗಾಯಿತು. ಆಡಳಿತ ಲ್ಯಾಂಡ್‌ಡ್ರಾಸ್ಟ್ ಎಂಬ ಕೆಲವೇ ಅಧಿಕಾರಿಗಳ ಕೈಗೆ ಹೋಯಿತು. 1620ರ ಸುಮಾರಿಗೆ ನಾಡಿನಲ್ಲಿ ಟಂಕಸಾಲೆಗಳು ಹತ್ತಾರು ಎದ್ದವು. ಅಲ್ಲಿ ತಯಾರಾದದ್ದು ಬೆಳ್ಳಿಯ ಬಣ್ಣದ ತಾಮ್ರ.

ಒಂದೇ ಮನೆತನ ಮೂರು ತಲೆಮಾರಿನಲ್ಲಿ ಇಷ್ಟು ಇಳಿದದ್ದು ಸುಮ್ನೆ ದುರಾಸೆಯಿಂದ ಅಂತ ನನಗೆ ಅನ್ನಿಸುವುದಿಲ್ಲ. ತೊಡಕು ನಿಯಮದಲ್ಲೇ ಇತ್ತು. 1566ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಸೇರಿದ ಪವಿತ್ರ ರೋಮನ್ ಸಾಮ್ರಾಜ್ಯದ ಸಭೆ ಟಾಲರಿಗೆ ಒಪ್ಪಿಗೆ ಕೊಟ್ಟಿತು. ಒಂದು ಕಲೋನ್ ಮಾರ್ಕ್, ಅಂದರೆ ಸುಮಾರು 234 ಗ್ರಾಂ ಶುದ್ಧ ಬೆಳ್ಳಿಗೆ 9 ಟಾಲರ್. ಒಂದೊಂದರಲ್ಲಿ ಸುಮಾರು 26 ಗ್ರಾಂ ಬೆಳ್ಳಿ. ಬೆಲೆ ಚಿಲ್ಲರೆಯಲ್ಲಿ 68 ಕ್ರಾಯ್ಟ್ಸರ್ ಎಂಬ ಸಣ್ಣ ನಾಣ್ಯ. ಚಿಲ್ಲರೆಗೂ ಬೆಳ್ಳಿಯ ಪ್ರಮಾಣ ಬಿಗಿಯಾಗೇ ಇತ್ತು. ಈಗ ಟಂಕಸಾಲೆಯ ಕೆಲಸಗಾರನನ್ನು ನೆನೆಸಿಕೊಳ್ಳಿ. ಒಂದು ಟಾಲರಿಗೆ ಒಂದು ಬಿಲ್ಲೆ ಕತ್ತರಿಸಿ ಅಚ್ಚು ಒತ್ತಿದರೆ ಮುಗಿಯಿತು. ಅಷ್ಟೇ ಬೆಲೆಯ ಕ್ರಾಯ್ಟ್ಸರ್ ಬೇಕಾದರೆ 68 ಬಿಲ್ಲೆ, 68 ಅಚ್ಚು. ಕೂಲಿ ಕೊಡುವವರು ಯಾರು? ಪ್ರಾಮಾಣಿಕವಾಗಿ ಚಿಲ್ಲರೆ ಮಾಡಿದವನಿಗೆ ನಷ್ಟವೇ ಗಟ್ಟಿ, ಅಲ್ವಾ? ಸ್ವಂತ ಗಣಿ ಇಲ್ಲದ ಚಿಕ್ಕ ರಾಜರು ಚಿಲ್ಲರೆಯಲ್ಲಿ ಬೆಳ್ಳಿ ಕಡಿಮೆ ಮಾಡಿದರು. ಪಕ್ಕದ ನಾಡಿನ ಒಳ್ಳೆ ನಾಣ್ಯ ಅವರ ಕುಲುಮೆ ಸೇರಿತು. ಆಮೇಲೆ ಪಕ್ಕದವನೂ ಅದನ್ನೇ ಮಾಡಬೇಕಾಯಿತು.

1618ರಲ್ಲಿ ಮೂವತ್ತು ವರ್ಷಗಳ ಯುದ್ಧ ಶುರುವಾಯಿತು. ಸೈನ್ಯಕ್ಕೆ ದುಡ್ಡು ಬೇಕು. ತಾಮ್ರಕ್ಕೆ ಚೂರು ಬೆಳ್ಳಿ ಬೆರೆಸಿ, ವೈನ್ ಪೀಪಾಯಿಯೊಳಗೆ ಕಟ್ಟುವ ಹುಳಿ ಉಪ್ಪಿನ ನೀರಿನಲ್ಲಿ ಕುದಿಸುತ್ತಿದ್ದರು. ಮೇಲಿನ ತಾಮ್ರ ಕರಗಿ ನಾಣ್ಯ ಬೆಳ್ಳಗೆ ಹೊಳೆಯುತ್ತಿತ್ತು. ಕೆಲವು ವಾರ ಕೈಯಿಂದ ಕೈಗೆ ಓಡಾಡಿದರೆ ಸಾಕು, ಕೆಂಪು ಬಣ್ಣ ಹೊರಗೆ. ತಕ್ಕಡಿಯಲ್ಲಿ ತೂಗಿ ಭಾರದ ನಾಣ್ಯ ಎತ್ತಿಟ್ಟುಕೊಂಡು ಕರಗಿಸುವವರಿಗೆ ಜನ 'ಕಿಪ್ಪರ್, ವಿಪ್ಪರ್' ಎಂದು ಹೆಸರಿಟ್ಟರು. ಮುಂದೆ ಆ ಅವಧಿಗೇ ಅದು ಹೆಸರಾಗಿ ನಿಂತಿತು.

1622ರ ಹೊತ್ತಿಗೆ ಕೆಲವು ಊರುಗಳಲ್ಲಿ ಒಂದು ಗಟ್ಟಿ ಟಾಲರಿಗೆ 600 ಕ್ರಾಯ್ಟ್ಸರ್ ಕೊಡಬೇಕಿತ್ತು. ಟಾಲರ್ ಇದ್ದ ವ್ಯಾಪಾರಿ ಬಚಾವಾದ. ಕೂಲಿಯವರು, ಪಾದ್ರಿಗಳು, ಮೇಷ್ಟ್ರುಗಳು ಸಂಬಳ ಪಡೆದದ್ದು ಆ ಪೊಳ್ಳು ಚಿಲ್ಲರೆಯಲ್ಲಿ. ನನಗೆ ಜಾಸ್ತಿ ಸಂಕಟವಾಗುವುದು ಇಲ್ಲಿ: ತಾವೇ ಹೊಡೆಸಿದ ನಾಣ್ಯವನ್ನು ರಾಜರು ತೆರಿಗೆಗೆ ತೆಗೆದುಕೊಳ್ಳಲು ಒಪ್ಪಲಿಲ್ಲ. ಮಾಗ್ಡೆಬುರ್ಗ್‌ನಲ್ಲಿ ಜನ ದಂಗೆ ಎದ್ದರು.

1623ರಲ್ಲಿ ಟಾಲರನ್ನು 90 ಕ್ರಾಯ್ಟ್ಸರಿಗೆ ಕಟ್ಟಿಹಾಕಿದರು. ಚಿಲ್ಲರೆಯ ಖರ್ಚಿನ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಅದನ್ನು ಮುಚ್ಚುಮರೆ ಇಲ್ಲದೆ ಒಪ್ಪಿಕೊಂಡದ್ದು 1667ರಲ್ಲಿ. ಸ್ಯಾಕ್ಸನಿ ಮತ್ತು ಬ್ರಾಂಡೆನ್‌ಬುರ್ಗ್ ತ್ಸಿನ್ನಾದಲ್ಲಿ ಕೂತು ಒಂದು ಮಾರ್ಕ್ ಬೆಳ್ಳಿಯಿಂದ ಹತ್ತೂವರೆ ಟಾಲರ್ ಬೆಲೆಯ ಸಣ್ಣ ನಾಣ್ಯ ಎಂದು ನಿಗದಿ ಮಾಡಿದವು. 1690ರಲ್ಲಿ ಲೈಪ್‌ಜಿಗ್‌ನಲ್ಲಿ ಅದು 12 ಆಯಿತು. ಅಲ್ಲಿಂದ ಲೆಕ್ಕದ ಪುಸ್ತಕದ ಟಾಲರ್ 24 ಗ್ರೋಶನ್ ಎಂಬ ಚಿಲ್ಲರೆ ನಾಣ್ಯ, ಅಜ್ಜನ ಕಾಲದ ತೂಕದ ಟಾಲರ್ ಕೈಗೆ ಸಿಕ್ಕರೆ 32 ಗ್ರೋಶನ್.