ಎಪಿನಾಲ್‌ನ ಆಟಿಕೆ ರಂಗಮಂದಿರ: ಈ ಹಾಳೆ ಹಳೆಯದೋ, ಮರುಮುದ್ರಣವೋ?

ಪ್ರಶ್ನೆ: ಫ್ರಾನ್ಸಿನ ಕಾಗದದ ಆಟಿಕೆ ರಂಗಮಂದಿರದ, ಅಂದರೆ ಚಿತ್ರಗಳನ್ನು ಕತ್ತರಿಸಿ ರಟ್ಟಿಗೆ ಅಂಟಿಸಿ ನಾಟಕವಾಡುವ, ಹಾಳೆಯೊಂದನ್ನು ಕೊಳ್ಳಬೇಕೆಂದಿದ್ದೇನೆ. ಕೆಳಗೆ ಎಪಿನಾಲ್, ಪೆಲ್ಲೆರಾಂ ಎಂದು ಅಚ್ಚಾಗಿದೆ. ಹತ್ತೊಂಬತ್ತನೆಯ ಶತಮಾನದ್ದೇ ಎಂದು ನಂಬಬಹುದೇ?

ಉತ್ತರ: ಹೆಸರೊಂದನ್ನೇ ನೋಡಿ ದುಡ್ಡು ಕೊಡಬೇಡಿ. ಜ್ಯಾನ್-ಶಾರ್ಲ್ ಪೆಲ್ಲೆರಾಂ 1796ರಲ್ಲಿ ಆರಂಭಿಸಿದ ಚಿತ್ರಮುದ್ರಣಾಲಯ ಎಪಿನಾಲ್ ಪಟ್ಟಣದಲ್ಲಿ ಇಂದಿಗೂ ಇದೆ. ಹಳೆಯ ಚಿತ್ರಗಳನ್ನು ಈಗಲೂ ಮರುಮುದ್ರಿಸುತ್ತದೆ. ಮುತ್ತಜ್ಜನ ಕಾಲದ ಹಾಳೆಯ ಮೇಲೂ ಮೊನ್ನೆ ಅಚ್ಚಾದದ್ದರ ಮೇಲೂ ಅದೇ ಹೆಸರಿರಬಹುದು. ಶಾರ್ಲ್ ಪಿನೋ ಹೆಸರಿದ್ದರೆ ಕೆಲಸ ಸ್ವಲ್ಪ ಸುಲಭ: ಆತ 1860ರಲ್ಲಿ ಪೆಲ್ಲೆರಾಂ ಬಿಟ್ಟು ಅದೇ ಊರಲ್ಲಿ ಪೈಪೋಟಿಗೆ ನಿಂತವನು. 1888ರಲ್ಲಿ ಪೆಲ್ಲೆರಾಂ ಆ ಮುದ್ರಣಾಲಯವನ್ನೇ ಕೊಂಡಿತು.

ಭೂತಗನ್ನಡಿ ತೆಗೆದುಕೊಂಡು ಮೊದಲು ಬಣ್ಣ ನೋಡಿ. ಹಳೆಯ ಹಾಳೆಗಳಿಗೆ ಬಣ್ಣ ಹಚ್ಚುತ್ತಿದ್ದದ್ದು ಕತ್ತರಿಸಿದ ಅಚ್ಚುಹಾಳೆಯ ಮೂಲಕ, ಬಣ್ಣಕ್ಕೊಂದು ಅಚ್ಚು. ನಮ್ಮ ತೂತಿನ ರಂಗೋಲಿ ಅಚ್ಚಿನದೇ ಉಪಾಯ. ಅಚ್ಚು ಕೂದಲೆಳೆಯಷ್ಟು ಸರಿದರೂ ಬಣ್ಣ ಗೆರೆ ದಾಟುತ್ತದೆ. ನನ್ನ ಬಳಿಯ ಅರಮನೆ ದೃಶ್ಯದ ಹಾಳೆಯಲ್ಲಿ ಕಂಬದ ನೀಲಿ ಪಕ್ಕದ ಸಿಪಾಯಿಯ ಮೂಗಿಗೆ ಮೆತ್ತಿಕೊಂಡಿದೆ. ಅವನಿಗೆ ನೆಗಡಿ ಎಂದೇ ನಾನು ಅಂದುಕೊಳ್ಳುತ್ತೇನೆ. ಹಾಗಿಲ್ಲದೆ ಬಣ್ಣವೆಲ್ಲ ಸಾಲಾದ ಸಣ್ಣ ಚುಕ್ಕೆಗಳಾಗಿ ಒಡೆದು ಕಂಡರೆ ಅದು ಆಫ್‌ಸೆಟ್, ಅಂದರೆ ಈಚಿನ ಯಂತ್ರಮುದ್ರಣ; ಹಿಂದಕ್ಕೆ ಕೊಟ್ಟುಬಿಡಿ. ಹಾಗೆಂದು ಅಚ್ಚುಹಾಳೆಯಿಂದ ಹಚ್ಚಿದ ಬಣ್ಣ ಕಂಡ ಮಾತ್ರಕ್ಕೆ ಹಳೆಯದೆನ್ನಬೇಡಿ. ಅದನ್ನು ಈಗಲೂ ಹಚ್ಚಬಹುದು.

ಆಗ ಕಾಗದವನ್ನು ವಿಚಾರಿಸಿ. ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪ ಹಿಡಿದಾಗ ಹಾಳೆ ನೀಲಿಬಿಳಿಯಾಗಿ ಹೊಳೆದರೆ, ಅದಕ್ಕೆ ಇಪ್ಪತ್ತನೆಯ ಶತಮಾನದ ನಡುಭಾಗದ ನಂತರ ಬಳಕೆಗೆ ಬಂದ ಬಿಳುಪುಕಾರಕ ಸೇರಿದೆ. ಹೊಳೆಯದಿದ್ದರೆ ಹಳೆಯದೇ ಎಂದಲ್ಲ, ಇನ್ನೂ ನೋಡಬೇಕು ಎಂದಷ್ಟೇ. ಮರದ ತಿರುಳಿನ ಹಳೆಯ ಕಾಗದದ ಅಂಚು ಕಂದಾಗಿ, ಮಡಿಚಿದರೆ ಹಪ್ಪಳದಂತೆ ಮುರಿಯುತ್ತದೆ. ದಯವಿಟ್ಟು ಮಡಿಚಿ ನೋಡಬೇಡಿ.

ಕತ್ತರಿಸದ ಹಾಳೆಗೇ ಬೆಲೆ ಹೆಚ್ಚು. ಇದ್ದವೆಲ್ಲ ಮಕ್ಕಳ ಕತ್ತರಿಗೆ ಸಿಕ್ಕು, ರಟ್ಟಿಗೆ ಅಂಟಿ, ಆಡಿಯಾಡಿ ಹರಿದುಹೋದವಲ್ಲ! ಆದರೂ ನನ್ನ ಕೈ ಮೊದಲು ಹೋಗುವುದು ಮೇಣದಬತ್ತಿಯ ಕಲೆ ಬಿದ್ದ, ಹಿಂಬದಿಯಲ್ಲಿ ಮಗುವೊಂದು ಪೆನ್ಸಿಲಿನಲ್ಲಿ ‘ಎಡಕ್ಕೆ’ ಎಂದು ಬರೆದಿಟ್ಟ ಸೈಡ್‌ವಿಂಗಿನ ತುಂಡಿಗೆ. ಅಂಥದ್ದು ಅಗ್ಗದಲ್ಲಿ ಸಿಗುತ್ತದೆ.